ಮೇಲಿನ ಎರಡು ರೂಮು ಹೋಂಸ್ಟೇ ಮಾಡಬೇಕು, ಲೈಸೆನ್ಸ್ ಕೆಲಸ ಎಲ್ಲಿಂದ ಶುರು?

ಸರಸ್ವತಿಪುರಂ ಮೇಲ್ಮಹಡಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಸ್ವಂತ ಮನೆ. ಕೆಳಗೆ ನಾನು, ನಮ್ಮ ಮನೆಯವರು, ನಮ್ಮತ್ತೆ ಇದ್ದೇವೆ. ಮೇಲೆ ಎರಡು ರೂಮು, ಎರಡಕ್ಕೂ ಬಾತ್‌ರೂಮು, ಹೊರಗಿನಿಂದಲೇ ಮೆಟ್ಟಿಲು, ಬೇರೆ ಮೀಟರು. ಇಷ್ಟು ವರ್ಷ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವರು ಖಾಲಿ ಮಾಡಿದ ಮೇಲೆ ಸುಣ್ಣ ಬಣ್ಣ ಆಗಿದೆ. ದಸರಾ ಹೊತ್ತಿಗೆ ದಿನದ ಲೆಕ್ಕದಲ್ಲಿ ಕೊಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಫೋಟೋ ತೆಗೆದು ರೂಮು ಬುಕ್ ಮಾಡುವ ಆ್ಯಪ್‌ಗೆ ಹಾಕಿದರೆ ಆಯಿತಂತೆ.

ನನಗೆ ಅಷ್ಟು ಸುಲಭ ಅನ್ನಿಸುತ್ತಿಲ್ಲ. ಒಂದು ಕಚೇರಿಯಲ್ಲಿ ಕೇಳಿದರೆ ಟ್ರೇಡ್ ಲೈಸೆನ್ಸ್ ಅಂದರು. ಇನ್ನೊಂದು ಕಡೆ ಅದೆಲ್ಲ ಪ್ರವಾಸೋದ್ಯಮ ಇಲಾಖೆಯದು, ನಮಗೆ ಸಂಬಂಧವಿಲ್ಲ ಅಂದರು. ಪರಿಚಯದವರೊಬ್ಬರು ಮೊದಲು ಪೊಲೀಸ್ ಠಾಣೆಗೆ ಹೋಗಿ ಅನ್ನುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ? ಮೇಲಿನ ಮೀಟರಿಗೆ ಗೃಹಜ್ಯೋತಿ ಇದೆ, ಅದಕ್ಕೇನಾದರೂ ತೊಂದರೆಯಾ?

ಇನ್ನೊಂದು. ಕುವೆಂಪುನಗರದಲ್ಲಿ ನಮ್ಮತ್ತೆಯ ಹಳೇ ಮನೆ ಬೀಗ ಹಾಕಿದೆ. ಅದನ್ನೂ ಇದೇ ಲೈಸೆನ್ಸಿಗೆ ಸೇರಿಸಬಹುದಾ? ಅನುಭವ ಇರುವವರು ಹೇಳಿ ಪ್ಲೀಸ್.

ಕುಕ್ಕರಹಳ್ಳಿ ವಾಕರ್

ಮೇಡಂ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ರಸ್ತೆಯಲ್ಲಿ ಎಷ್ಟೋ ಮನೆಗಳವರು ಹೀಗೆ ಕೊಡುತ್ತಾರೆ. ಬೋರ್ಡೂ ಇಲ್ಲ, ಲೈಸೆನ್ಸೂ ಇಲ್ಲ. ದಸರಾ ಹತ್ತು ದಿನ ಯಾರು ಬಂದು ಕೇಳುತ್ತಾರೆ? ಜಂಬೂ ಸವಾರಿ ಮುಗಿದ ಮೇಲೆ ಆ್ಯಪಿನಿಂದ ತೆಗೆದುಹಾಕಿ, ಆಯ್ತಲ್ಲ.

ಗೋಕುಲಂ ಮೂರನೇ ಹಂತ

ಮೇಲಿನವರ ಮಾತು ಕೇಳಬೇಡಿ ಅಕ್ಕ. ಕೇಳದೇ ಇರುವವರೆಗೆ ಎಲ್ಲಾ ಚೆಂದವೇ. ಏನಾದರೂ ಎಡವಟ್ಟಾದ ದಿನ ಆ್ಯಪಿನವರು ಬರಲ್ಲ, ಠಾಣೆಯಿಂದ ಫೋನ್ ಬರೋದು ನಿಮ್ಮ ಹೆಸರಿಗೆ.

ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಿಂದ ಗೋಕುಲಂಗೆ ಯೋಗಶಾಲೆ ತಂದ ಮೇಲೆ ನಮ್ಮ ಬಡಾವಣೆಯಲ್ಲಿ ಅರ್ಧಕ್ಕರ್ಧ ಮನೆಗಳ ಮಹಡಿ ಪರದೇಶದವರಿಗೇ ಅಂತ ಆಯಿತು. ನಾನೂ ಆಗಿನಿಂದ ಕೊಡುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ: ಮನೆಯವರು ಅಲ್ಲೇ ವಾಸ ಇದ್ದರೆ ಮಾತ್ರ ಅದು ಹೋಂಸ್ಟೇ. ನೀವು ಕೆಳಗೆ ಇದ್ದೀರಿ, ಮೇಲೆ ಎರಡು ರೂಮು ಕೊಡುತ್ತೀರಿ, ಸರಿ. ಕುವೆಂಪುನಗರದ ಮನೆ ಹೋಂಸ್ಟೇ ಆಗಲ್ಲ. ಅಲ್ಲಿ ನೀವು ಯಾರೂ ಇಲ್ಲ. ಬೀಗದ ಕೈಯನ್ನು ಪಕ್ಕದ ಮನೆಯಲ್ಲಿಟ್ಟು ದಿನದ ಬಾಡಿಗೆ ತಗೊಂಡರೆ ಅದು ವಸತಿಗೃಹದ ವ್ಯಾಪಾರ. ಟ್ರೇಡ್ ಲೈಸೆನ್ಸ್, ವಾಣಿಜ್ಯ ಕಂದಾಯ, ವಾಣಿಜ್ಯ ಕರೆಂಟು, ಎಲ್ಲಾ ಬೇರೆ. ಕೇಂದ್ರ ಸರ್ಕಾರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೂ ಇದೇ ಷರತ್ತು. 6 ರೂಮು, 12 ಹಾಸಿಗೆವರೆಗೆ ಬಿಡುತ್ತಾರೆ, ಆದರೆ ಮನೆಯವರು ಅದೇ ಮನೆಯಲ್ಲಿ ಇರಬೇಕು. ಆ ಮನೆಯನ್ನು ಒಂದು ಸಂಸಾರಕ್ಕೆ ತಿಂಗಳ ಬಾಡಿಗೆಗೆ ಕೊಟ್ಟು ನೆಮ್ಮದಿಯಾಗಿರಿ.

ಈಗ ಮೂರು ಕಚೇರಿಯ ವಿಷಯ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ಯಾಕೆಂದರೆ ಮೂವರೂ ನೋಡುವುದು ಬೇರೆ ಬೇರೆ. ಪ್ರವಾಸೋದ್ಯಮ ಇಲಾಖೆ ನಿಮ್ಮ ಮನೆಯನ್ನು ಹೋಂಸ್ಟೇ ಅಂತ ನೋಂದಣಿ ಮಾಡುತ್ತದೆ. ಪೊಲೀಸರು ನಡೆಸುವವರು ಯಾರು, ಬರುವವರ ಲೆಕ್ಕ ಇಡುತ್ತಾರಾ ಅಂತ ನೋಡುತ್ತಾರೆ. ಪಾಲಿಕೆ ಕಟ್ಟಡ ಯಾವುದಕ್ಕೆ ಬಳಕೆ ಆಗುತ್ತಿದೆ ಅಂತ ನೋಡುತ್ತದೆ. ಇಲಾಖೆಗೆ ಅರ್ಜಿ ಹಾಕುವಾಗ ಉಳಿದ ಇಬ್ಬರ ನಿರಾಕ್ಷೇಪಣಾ ಪತ್ರ ಬೇಕು. ಹಾಗಾಗಿ ಠಾಣೆ ಮೊದಲು ಅಂದ ನಿಮ್ಮ ಪರಿಚಯದವರು ಸರಿಯಾಗೇ ಹೇಳಿದ್ದಾರೆ. ಖಾತಾ, ಈ ಸಾಲಿನ ಕಂದಾಯದ ರಸೀದಿ, ಆಧಾರ್, ರೂಮಿನ ಫೋಟೋ ತಗೊಂಡು ಹೋಗಿ. ಖಾತಾ ಅತ್ತೆಯವರ ಹೆಸರಿನಲ್ಲಿದ್ದರೆ ಅರ್ಜಿಯೂ ಅವರ ಹೆಸರಿನಲ್ಲೇ ಇರಲಿ, ಇಲ್ಲದಿದ್ದರೆ ಅವರ ಒಪ್ಪಿಗೆ ಪತ್ರ ಅಂತ ಮತ್ತೆ ಓಡಾಡಿಸುತ್ತಾರೆ.

ಪಾಲಿಕೆಯಲ್ಲಿ ಬಾಯಿಮಾತಿನಲ್ಲಿ 'ಏನೂ ಬೇಡ ಹೋಗಿ' ಅಂದರೆ ಬರಬೇಡಿ. ಟ್ರೇಡ್ ಲೈಸೆನ್ಸ್ ಕೇಳುವ ಅಧಿಕಾರ ಅವರಿಗೆ 1976ರ ಪಾಲಿಕೆ ಕಾಯ್ದೆಯಲ್ಲೇ ಇದೆ. ಇವತ್ತು ಬೇಡ ಅಂದವರು ವರ್ಗ ಆದ ಮೇಲೆ ಬಂದವರು ಬೇಕು ಅಂತಾರೆ. ನಿಮ್ಮ ವಲಯ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸಕಾಲ ಸಂಖ್ಯೆ (ಅರ್ಜಿ ಸ್ವೀಕರಿಸಿದ್ದಕ್ಕೆ ಕೊಡುವ ನಂಬರು) ಕೇಳಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಲೈಸೆನ್ಸ್ ಕೊಟ್ಟರೆ ಅದು ಮಾರ್ಚ್ 31ಕ್ಕೆ ಮುಗಿಯುತ್ತದೆ, ನೀವು ಯಾವಾಗ ತಗೊಂಡಿರಿ ಅನ್ನೋದು ಲೆಕ್ಕಕ್ಕಿಲ್ಲ. ಕಂದಾಯವೂ ಅಷ್ಟೇ. ನಾವೇ ಲೆಕ್ಕ ಹಾಕಿ ನಾವೇ ಸಹಿ ಹಾಕುವ ಪದ್ಧತಿ ಅಲ್ವಾ? ಮೇಲ್ಮಹಡಿಯನ್ನು ಯಾವ ಬಳಕೆ ಅಂತ ತೋರಿಸಬೇಕು ಅಂತ ಅದೇ ಅರ್ಜಿಯಲ್ಲಿ ಕೇಳಿಬಿಡಿ.

ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ, 200 ಯೂನಿಟ್‌ವರೆಗೆ. ಮೇಲಿನ ಮೀಟರಿನ ಆರ್‌ಆರ್ ನಂಬರಿಗೆ ಹಳೇ ಹುಡುಗರಲ್ಲಿ ಯಾರದೋ ಆಧಾರ್ ಜೋಡಣೆ ಆಗಿರಬಹುದು. ಮೊದಲು ಅದನ್ನು ಡಿ-ಲಿಂಕ್ ಮಾಡಿಸಿ. ಆಮೇಲೆ ಸೆಸ್ಕ್ (ನಮ್ಮ ಕಡೆಯ ಕರೆಂಟಿನ ಕಂಪನಿ) ಉಪವಿಭಾಗಕ್ಕೆ ಇಲಾಖೆಯ ನೋಂದಣಿ ಪತ್ರ ತೋರಿಸಿ ಯಾವ ದರಪಟ್ಟಿ ಅಂತ ಬರೆಸಿಕೊಳ್ಳಿ. ಅತಿಥಿಗಳು ಎಸಿ ಹಾಕಿ ಕಿಟಕಿ ತೆಗೆದಿಟ್ಟು ಅರಮನೆ ದೀಪ ನೋಡೋಕೆ ಹೋಗುತ್ತಾರೆ. ಪುಕ್ಕಟೆ ಕರೆಂಟಿನ ಆಸೆ ಹೇಗಿದ್ದರೂ ಬಿಡಿ.

ಈಗ ಮುಖ್ಯವಾದದ್ದು, ಪುಸ್ತಕ. ಗೆರೆ ಹಾಕಿದ ದಪ್ಪ ರಿಜಿಸ್ಟರ್ ತಗೊಳ್ಳಿ. ಹೆಸರು, ಊರು, ಫೋನು, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಗಾಡಿ ನಂಬರು, ಬಂದ ಹೊತ್ತು, ಹೋದ ಹೊತ್ತು, ಸಹಿ. ಬುಕ್ ಮಾಡಿದವರದು ಒಂದೇ ಸಾಲದು, ದೊಡ್ಡವರು ಎಷ್ಟು ಜನ ಇದ್ದಾರೋ ಅಷ್ಟೂ ಜನರ ಗುರುತಿನ ಚೀಟಿ ನೋಡಿ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು, ಪೂರ್ತಿ ನಂಬರಿನ ಜೆರಾಕ್ಸ್ ಗುಡ್ಡೆ ಹಾಕಿಕೊಂಡು ನೀವೇನು ಮಾಡುತ್ತೀರಿ? ಒಂದು ಸಲ ರಾತ್ರಿ ಊಟದ ಹೊತ್ತಿಗೆ ಬೀಟಿನ ಪೊಲೀಸರು ನಮ್ಮ ಮನೆಗೆ ಬಂದು ಪುಸ್ತಕ ಕೇಳಿದರು. ಎರಡು ಪುಟ ತಿರುವಿ, ಕೊನೆಯ ಸಾಲಿನ ಕೆಳಗೆ ಸಹಿ ಹಾಕಿ, ನೀರು ಕುಡಿದು ಹೋದರು. ಪುಸ್ತಕ ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿರಲಿಲ್ಲ.

ವಿದೇಶದವರು ಬಂದರೆ ಅವರ ವಿವರ ಸರ್ಕಾರಕ್ಕೆ ಕೊಡುವ ಫಾರ್ಮ್ ಇದೆ. ಮುಂಚೆ ಸಿ ಫಾರ್ಮ್ ಅಂತಿತ್ತು, 2025ರ ಹೊಸ ನಿಯಮದಲ್ಲಿ ಫಾರ್ಮ್ 3. ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಮನೆಯ ವಿಳಾಸ ಕೊಟ್ಟು ಮುಂಚೆಯೇ ಲಾಗಿನ್ ಮಾಡಿಸಿಕೊಂಡಿರಬೇಕು. ಅತಿಥಿ ಬಾಗಿಲಲ್ಲಿ ನಿಂತಾಗ ಶುರು ಮಾಡಿದರೆ ಆಗಲ್ಲ. ಹೆಸರು ನೋಡಿ ಮೋಸ ಹೋಗಬೇಡಿ, ಶುದ್ಧ ಕನ್ನಡ ಮಾತಾಡುವವರ ಕೈಯಲ್ಲೂ ಅಮೆರಿಕದ ಪಾಸ್‌ಪೋರ್ಟ್ ಇರುತ್ತದೆ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದೇ ಲೆಕ್ಕ. ತುಂಬುವಾಗ ಎಡವುವುದು ಎರಡು ಕಡೆ. ಒಂದು, ತಾರೀಕು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಅವರು ಚೀಟಿಯಲ್ಲಿ 04/10 ಅಂತ ಬರೆದುಕೊಟ್ಟರೆ ಅದು ಏಪ್ರಿಲ್ 10, ಅಕ್ಟೋಬರ್ 4 ಅಲ್ಲ. ಚೀಟಿ ನಂಬದೆ ಪಾಸ್‌ಪೋರ್ಟೇ ಕೇಳಿ. ಎರಡು, ಭಾರತಕ್ಕೆ ಬಂದಿಳಿದ ದಿನ. ಅದು ನಿಮ್ಮ ಮನೆಗೆ ಬಂದ ದಿನ ಅಲ್ಲ, ವಿಮಾನ ನಿಲ್ದಾಣದ ಮುದ್ರೆಯಲ್ಲಿ ಇರುವ ದಿನ. ಮುದ್ರೆ ಮಸಿ ಮಸಿಯಾಗಿರುತ್ತದೆ, ಕಿಟಕಿ ಹತ್ತಿರ ಹಿಡಿದು ಓದಿ. ಅವರು ಹೊರಟ ಮೇಲೆ ಹೋದ ದಿನವನ್ನೂ ಅದರಲ್ಲೇ ನಮೂದಿಸಿ, ಪ್ರಿಂಟ್ ತೆಗೆದು ಪುಸ್ತಕಕ್ಕೆ ಅಂಟಿಸಿ.

ತಿಂಡಿ ಕೊಟ್ಟು ದುಡ್ಡು ತಗೊಳ್ಳುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ನೋಂದಣಿ ಬೇರೆ. ಕಾಫಿ ಸುಮ್ನೆ ಕೊಡಿ.

ಲೆಕ್ಕದ ಪುಸ್ತಕ

ಗೋಕುಲಂ ಮೇಡಂ ತೆರಿಗೆ ಬಿಟ್ಟಿದ್ದಾರೆ, ನನ್ನ ಕಸುಬು ಅದೇ, ಹೇಳುತ್ತೇನೆ.

ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದರೆ. ಎರಡು ರೂಮಿನಲ್ಲಿ ಅಷ್ಟಾಗಲ್ಲ ಅಂತ ಸುಮ್ಮನಾಗಬೇಡಿ. ಲೆಕ್ಕ ಪಾನ್ ಮೇಲೆ. ಅದೇ ಪಾನ್‌ನಲ್ಲಿ ಅಂಗಡಿ ಬಾಡಿಗೆ ಬರುತ್ತಿದ್ದರೆ ಅದೂ ಸೇರುತ್ತದೆ. ಮನೆ ಬಾಡಿಗೆಗೆ ತೆರಿಗೆ ಇಲ್ಲದಿದ್ದರೂ ವಹಿವಾಟಿನ ಮೊತ್ತಕ್ಕೆ ಸೇರುತ್ತದೆ.

ನೀವು ನೋಂದಣಿ ಇಲ್ಲದವರಾದರೆ ಆ್ಯಪ್ ಮೂಲಕ ಬಂದ ಬುಕಿಂಗಿನ ಜಿಎಸ್‌ಟಿಯನ್ನು ಆ್ಯಪಿನವರೇ ಅತಿಥಿಯಿಂದ ವಸೂಲಿ ಮಾಡಿ ಕಟ್ಟುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಅದು ಮುಂಚೆ ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ಫೋನ್ ಮಾಡಿ ನೇರ ಬಂದವರ ಹತ್ತಿರ, ನೋಂದಣಿ ಇಲ್ಲದೆ ಜಿಎಸ್‌ಟಿ ಅಂತ ಒಂದು ರೂಪಾಯಿಯೂ ತಗೊಳ್ಳುವ ಹಾಗಿಲ್ಲ.

ಆ್ಯಪಿನವರು ಶೇ 0.1 ಟಿಡಿಎಸ್ (ನಿಮಗೆ ದುಡ್ಡು ಕೊಡುವ ಮೊದಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ಒಬ್ಬರೇ ವ್ಯಕ್ತಿ, ವರ್ಷಕ್ಕೆ 5 ಲಕ್ಷದೊಳಗೆ, ಪಾನ್ ಕೊಟ್ಟಿದ್ದೀರಿ ಅಂದರೆ ಅದೂ ಇಲ್ಲ. ಪಾನ್ ಕೊಡದಿದ್ದರೆ ಶೇ 5. ಖಾತಾ, ಪಾನ್, ಬ್ಯಾಂಕ್ ಖಾತೆ ಒಂದೇ ಹೆಸರಿನಲ್ಲಿ ಇರಲಿ. ಮನೆ ಅತ್ತೆಯವರದು, ಆ್ಯಪ್ ಮಗಳದು, ದುಡ್ಡು ನಿಮ್ಮ ಖಾತೆಗೆ ಅಂತಾದರೆ ರಿಟರ್ನ್ ತುಂಬುವಾಗ ನಮ್ಮಂಥವರಿಗೆ ತಲೆನೋವು.

ಯಾದವಗಿರಿ ಪಕ್ಕದ್ಮನೆ

ನಾನು ರೂಮು ಕೊಡುವವನಲ್ಲ, ಪಕ್ಕದಲ್ಲಿ ಇರುವವನು. ಲೈಸೆನ್ಸ್ ಏನೇ ಮಾಡಿಸಿ, ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಅಂತ ಮೊದಲು ಯೋಚನೆ ಮಾಡಿ. ಕಳೆದ ದಸರಾದಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿಕೊಂಡು ನಮ್ಮ ಪಕ್ಕದ ಮನೆಗೆ ಬಂದವರು ನನ್ನ ಗೇಟಿಗೆ ಅಡ್ಡ ಟೆಂಪೋ ಟ್ರಾವೆಲರ್ ನಿಲ್ಲಿಸಿ ಮಲಗಿಬಿಟ್ಟರು. ಬೆಳಿಗ್ಗೆ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು. ಡ್ರೈವರ್ ಯಾರು ಅಂತ ಮನೆಯವರಿಗೇ ಗೊತ್ತಿಲ್ಲ! ಆಮೇಲೆ ನಾನು ದೂರು ಕೊಟ್ಟೆ. ಪಾಲಿಕೆಯವರು ತಾವಾಗಿ ಹುಡುಕಿಕೊಂಡು ಬರಲ್ಲ, ದೂರಿನ ಮೇಲೆ ಬರುತ್ತಾರೆ. ವಾಕರ್ ಸಾಹೇಬರು 'ಯಾರು ಕೇಳುತ್ತಾರೆ' ಅಂದರಲ್ಲ, ನನ್ನಂಥವನು ಕೇಳುತ್ತಾನೆ.

ಕುಕ್ಕರಹಳ್ಳಿ ವಾಕರ್

ಆಯ್ತು ಮಾರಾಯ್ರೆ, ಒಪ್ಪಿದೆ. ಆದರೂ ಎರಡು ರೂಮಿಗೆ ಇಷ್ಟು ಕಾಗದ ಜಾಸ್ತಿನೇ. ಒಂದೇ ಕಿಟಕಿಯಲ್ಲಿ ಕೊಟ್ಟರೆ ಜನ ತಾವೇ ಬಂದು ಮಾಡಿಸುತ್ತಾರೆ.

ಶ್ರೀರಂಗಪಟ್ಟಣ ಕಾವೇರಿ ದಂಡೆ

ನಮ್ಮ ಕಡೆ ಹಳ್ಳಿಯಲ್ಲಿ ಮಾಡುವವರಿಗೆ ಒಂದು ಮಾತು. ಪಾಲಿಕೆ ಬದಲು ಗ್ರಾಮ ಪಂಚಾಯಿತಿ. ಮನೆ ಕೃಷಿ ಜಮೀನಿನಲ್ಲಿದ್ದರೆ ಅದು ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿದೆಯಾ ನೋಡಿಕೊಳ್ಳಿ, ಅಲ್ಲೇ ಅರ್ಜಿ ನಿಲ್ಲುವುದು ಜಾಸ್ತಿ. ಬಲಮುರಿ ಕಡೆ ಇರುವವರು ಅತಿಥಿಗಳನ್ನು ನೀರಿಗೆ ಇಳಿಸಬೇಡಿ. ನೋಡೋಕೆ ಮೊಣಕಾಲುದ್ದ ನೀರು, ಕೆಳಗೆ ಸುಳಿ.

ಸರಸ್ವತಿಪುರಂ ಮೇಲ್ಮಹಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಕುಲಂ ಅಕ್ಕ, ಖಾತಾ ನಮ್ಮತ್ತೆ ಹೆಸರಿನಲ್ಲೇ ಇದೆ. ಅವರಿಗೆ ಓದಿ ಹೇಳಿದೆ. ಪುಸ್ತಕ ತಾವೇ ಬರೆಯುತ್ತಾರಂತೆ, ಬಂದವರನ್ನೆಲ್ಲ ಊರು ಕೇಳುವುದು ಹೇಗಿದ್ದರೂ ಅವರ ಅಭ್ಯಾಸ. ಕುವೆಂಪುನಗರದ ಮನೆ ತಿಂಗಳ ಬಾಡಿಗೆಗೇ ಕೊಡುತ್ತೇವೆ. ಯಾದವಗಿರಿ ಸರ್, ನಮ್ಮ ಕಾಂಪೌಂಡಿನಲ್ಲಿ ಒಂದು ಕಾರು ನಿಲ್ಲುತ್ತದೆ. ಒಂದೇ ಕಾರು ಅಂತ ಆ್ಯಪಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.

ಒಂದು ಡೌಟು. ನೋಂದಣಿ ಪತ್ರ ಬರುವ ಮೊದಲೇ ಆ್ಯಪಿಗೆ ಹಾಕಿ ಬುಕಿಂಗ್ ತಗೋಬಹುದಾ? ಮಗಳು ಕೇಳುತ್ತಿದ್ದಾಳೆ.

ಗೋಕುಲಂ ಮೂರನೇ ಹಂತ

ಬೇಡ. ಪತ್ರ ತಡವಾಗಿ ನೀವು ಬುಕಿಂಗ್ ರದ್ದು ಮಾಡಿದರೆ ಆ್ಯಪಿನವರು ದಂಡ ಹಾಕುತ್ತಾರೆ, ದಸರಾಗೆ ಬರುವವರಿಗೂ ಬೇರೆ ಕಡೆ ರೂಮು ಸಿಗಲ್ಲ. ಫೋಟೋ ತೆಗೆದಿಟ್ಟುಕೊಳ್ಳಲಿ. ಠಾಣೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅರ್ಜಿಗೆ ಸಹಿ ಅವರದೇ ಅಲ್ವಾ. ಕಂದಾಯದ ರಸೀದಿ ಎರಡು ಜೆರಾಕ್ಸ್ ಜಾಸ್ತಿ ಇರಲಿ.