ಸಹಾಯ ಬೇಕು: 1791ರ ಟಿಪ್ಪು ಸವಾರರದ್ದು ಗೆರಿಲ್ಲಾ ಯುದ್ಧವೇ?

ನಮಸ್ಕಾರ. ಮೈಸೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯದೊಂದಿಗೆ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದು ವಾಪಸ್ ಹೋದದ್ದರ ಬಗ್ಗೆ ಪ್ರಬಂಧ ಬರೆಯಬೇಕು.

ಅರಕೆರೆ ಕಾಳಗದಲ್ಲಿ ಗೆದ್ದವರು ಇಂಗ್ಲಿಷರೇ. ಆದರೂ ಹಿಂದೆ ಸರಿದರು. ದಾರಿಯಲ್ಲಿದ್ದ ಮೇವನ್ನು ಟಿಪ್ಪು ಮೊದಲೇ ಹಾಳು ಮಾಡಿಸಿದ್ದ. ಎತ್ತುಗಳು ಸತ್ತು, ಸಿಪಾಯಿಗಳೇ ಫಿರಂಗಿ ಎಳೆಯಬೇಕಾಯಿತು. ಕೊನೆಗೆ ಕನ್ನಂಬಾಡಿ ಬಳಿ ದೊಡ್ಡ ಫಿರಂಗಿಗಳನ್ನು ತಾವೇ ಒಡೆದು ಹಾಕಿದರು. ನನಗೆ ಜಾಸ್ತಿ ಆಶ್ಚರ್ಯ ಆಗುವುದು ಇದು: ನೆರವಿಗೆ ಬರುತ್ತಿದ್ದ ಮರಾಠರ ದಂಡು ಮೇಲುಕೋಟೆ ಕಡೆ ಸಮೀಪಕ್ಕೇ ಬಂದಿತ್ತು. ಆದರೆ ಟಿಪ್ಪುವಿನ ಕುದುರೆ ಸವಾರರು ಓಲೆಕಾರರನ್ನೆಲ್ಲ ತಡೆದಿದ್ದರಿಂದ ಕಾರ್ನ್‌ವಾಲಿಸ್‌ಗೆ ಸುದ್ದಿಯೇ ಸಿಕ್ಕಿರಲಿಲ್ಲ.

ಇಂಗ್ಲಿಷ್ ಅಧಿಕಾರಿಗಳ ಬರಹ ಓದಿದೆ. ಮಳೆ, ದನಗಳ ರೋಗ ಅಂತಲೇ ಜಾಸ್ತಿ ಹೇಳುತ್ತಾರೆ. ಮೇಷ್ಟ್ರೊಬ್ಬರು, ಟಿಪ್ಪುವಿನ ಸವಾರರು ಮಾಡಿದ್ದು ಗೆರಿಲ್ಲಾ ಯುದ್ಧವೇ (ಎದುರಾಎದುರು ನಿಲ್ಲದೆ, ಸಣ್ಣ ಗುಂಪುಗಳಲ್ಲಿ ಶತ್ರುವನ್ನು ಕಾಡುವ ಯುದ್ಧ) ಅಂದರು. ಇನ್ನೊಬ್ಬರು, ಸಂಬಳ ತಗೊಳ್ಳುವ ಸರ್ಕಾರಿ ಸೈನ್ಯ ಅಲ್ವಾ, ಹಾಗೆ ಸುಮ್ನೆ ಕರೆಯಬಾರದು ಅಂದರು. ಇಲ್ಲೇ ಸಿಕ್ಕಿಕೊಂಡಿದ್ದೇನೆ.

ತಿಳಿದವರು ದಯವಿಟ್ಟು ಹೇಳಿ: ಗೆರಿಲ್ಲಾ ಅನ್ನಲು ಮುಖ್ಯವಾಗುವುದು ಹೋರಾಡುವ ರೀತಿಯೋ, ಹೋರಾಡುವವರು ಯಾರು ಅನ್ನುವುದೋ? ಈ ಸವಾರರ ಬಗ್ಗೆ ಮೈಸೂರು ಕಡೆಯವರೇ ಬರೆದದ್ದು ಎಲ್ಲಿ ಓದಲು ಸಿಗುತ್ತದೆ?