ರಿಸ್ಟೋರ್ ಮಾಡಿದ ಹಳೇ ಕಾರಿಗೆ ಎಷ್ಟು ಕೊಡಬಹುದು?

ಪ್ರಶ್ನೆ:
1960ರ ದಶಕದ ಒಂದು ಕಾರು ನೋಡಿದ್ದೇನೆ, ತುಂಬಾ ಇಷ್ಟವಾಗಿದೆ. ಆದರೆ ಮಾಲೀಕರು ತಾವು ಕೊಂಡ ದುಡ್ಡಿಗೆ ರಿಸ್ಟೋರೇಶನ್ ಬಿಲ್ಲುಗಳನ್ನೆಲ್ಲ ಕೂಡಿಸಿ ಬೆಲೆ ಹೇಳುತ್ತಿದ್ದಾರೆ. ಈ ಲೆಕ್ಕ ಸರೀನಾ?

ಉತ್ತರ 1:
ಸರಿ ಅಲ್ಲ. ಎಷ್ಟೋ ಕಾರುಗಳಿಗೆ ರಿಸ್ಟೋರ್ ಖರ್ಚೇ ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಆಗಿರುತ್ತದೆ, ಅದನ್ನು ನೀವು ತುಂಬಿಕೊಡಬೇಕಿಲ್ಲ. ಅದೇ ಮಾಡೆಲ್, ಅದೇ ಸ್ಥಿತಿಯ ಕಾರುಗಳು ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಗಿವೆ ನೋಡಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಬರೀ ಆಸೆ, ಅದನ್ನು ನಂಬಬೇಡಿ. ಹರಾಜಿನ ಬೆಲೆ ಹೋಲಿಸುವಾಗ ಕೊಂಡವರು ಹರಾಜು ನಡೆಸುವವರಿಗೆ ಕೊಟ್ಟ ಕಮಿಷನ್ ಸೇರಿದೆಯಾ ಅಂತಲೂ ನೋಡಿಕೊಳ್ಳಿ.

ಉತ್ತರ 2:
ಮೊದಲು ಚಾಸಿಸ್ ಮತ್ತು ಎಂಜಿನ್ ನಂಬರ್ ದಾಖಲೆಗೆ ತಾಳೆ ಆಗುತ್ತಾ ನೋಡಿ. ಫ್ಯಾಕ್ಟರಿಯಿಂದ ಬಂದ ಎಂಜಿನ್ನೇ ಇದ್ದರೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ಆಮೇಲೆ ಕೆಲಸ ನಡೆದಾಗಿನ ಫೋಟೋ ಕೇಳಿ, ಇದು ನನ್ನ ಮಟ್ಟಿಗೆ ಬಹಳ ಮುಖ್ಯ, ಯಾಕೆಂದರೆ ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದು ಬೆಸುಗೆ ಹಾಕಿದ್ದಾರಾ ಅಥವಾ ಪುಟ್ಟಿ ಮೆತ್ತಿ ಮೇಲೆ ಪೇಂಟ್ ಹೊಡೆದಿದ್ದಾರಾ ಅನ್ನೋದು ಕೆಲಸ ಮುಗಿದ ಮೇಲೆ ಹೊರಗಿಂದ ಕಾಣಲ್ಲ. ಉಕ್ಕಿನ ಬಾಡಿ ಆದರೆ ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿದು ನೋಡಿ. ದಪ್ಪ ಪುಟ್ಟಿ ಇದ್ದಲ್ಲಿ ಅಂಟೋದಿಲ್ಲ. ಅಲ್ಯೂಮಿನಿಯಂ, ಫೈಬರ್‌ಗ್ಲಾಸ್ ಬಾಡಿಗೆ ಈ ಉಪಾಯ ನಡೆಯಲ್ಲ.

ಪ್ರಶ್ನೆ ಕೇಳಿದವರು:
ಫೋಟೋ ಕೇಳಿದೆ, ಇಲ್ಲ ಅಂದರು. ಬಿಲ್ ಮಾತ್ರ ಇದೆಯಂತೆ.

ಉತ್ತರ 2:
ಹಾಗಾದರೆ ಆ ಮಾಡೆಲ್ ಗೊತ್ತಿರೋ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಿ, ಗಾಡಿ ಎತ್ತಿಸಿ ಕೆಳಭಾಗ ನೋಡಿಸಿ. ಅಲ್ಲೀವರೆಗೆ ಅಡ್ವಾನ್ಸ್ ಕೊಡಬೇಡಿ.