3ನೇ ಮುಖ್ಯರಸ್ತೆ: ಹಂಪ್ ಕೇಳೋ ಮೊದಲು ವೇಗ ಅಳೆಯೋಣ

*ಕಾರ್ಯದರ್ಶಿ*
ಎಲ್ಲರ ಗಮನಕ್ಕೆ. ರಿಂಗ್ ರೋಡ್ ಸಿಗ್ನಲ್ ತಪ್ಪಿಸೋಕೆ ನಮ್ಮ 3ನೇ ಮುಖ್ಯರಸ್ತೆಗೆ ನುಗ್ಗೋ ವಾಹನಗಳ ಕಾಟಕ್ಕೆ ಪಾರ್ಕ್ ಗೇಟ್ ಎದುರು ಹಂಪ್ ಕೇಳಿ ಪಾಲಿಕೆಗೆ ಪತ್ರ ಕೊಡೋಣ ಅಂತ ಸಭೇಲಿ ತೀರ್ಮಾನ ಆಗಿದೆ. ಸಹಿ ಬಾಕಿ ಇರೋರು ಭಾನುವಾರದೊಳಗೆ ಹಾಕಿ.

*2ನೇ ಕ್ರಾಸ್, ನಿವೃತ್ತ ಇಂಜಿನಿಯರ್*
ಸಹಿಗೇನೂ ಅಡ್ಡಿಯಿಲ್ಲ. ಆದರೆ ಪತ್ರದಲ್ಲಿ ಬರೀ "ಹಂಪ್ ಹಾಕಿಕೊಡಿ" ಅಂತಿದ್ರೆ ಏನಾಗುತ್ತೆ ಹೇಳ್ತೀನಿ. ಉಳಿದ ಡಾಂಬರು ಸುರಿದು, ರೋಲರ್ ಆಡಿಸಿ ಹೋಗ್ತಾರೆ. ಎರಡಡಿ ಅಗಲ, ಅರ್ಧ ಅಡಿ ಎತ್ತರ. ಅಂಥ ಗಿಡ್ಡ ಉಬ್ಬಿನ ಮೇಲೆ ಮೆಲ್ಲಗೆ ಹೋದ ಕಾರಿನ ಹೊಟ್ಟೆ ಉಜ್ಜುತ್ತೆ, ಆಟೋದಲ್ಲಿ ಕೂತವರ ಸೊಂಟ ಹೋಗುತ್ತೆ. ಜೋರಾಗಿ ಹೋದವನಿಗೆ ಚಕ್ರ ಮಾತ್ರ ಎದ್ದು ಬೀಳುತ್ತೆ, ಉಳಿದದ್ದನ್ನ ಸಸ್ಪೆನ್ಷನ್ ನುಂಗಿಬಿಡುತ್ತೆ. ನಿಧಾನ ಹೋದವನಿಗೇ ಶಿಕ್ಷೆ.

ಐಆರ್‌ಸಿ, ಅಂದ್ರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 99ನೇ ಸಂಖ್ಯೆಯ ಮಾರ್ಗಸೂಚಿ 2018ರಲ್ಲಿ ಪರಿಷ್ಕರಣೆ ಆಗಿದೆ. ಅದರ 1988ರ ಆವೃತ್ತಿಯಲ್ಲಿ ಅಳತೆ ಸ್ಪಷ್ಟ ಇತ್ತು: ವಾಹನ ಸಾಗೋ ದಿಕ್ಕಿನಲ್ಲಿ ಅಗಲ 3.7 ಮೀಟರ್, ಮಧ್ಯದಲ್ಲಿ ಎತ್ತರ 10 ಸೆಂ.ಮೀ., ಮೇಲ್ಮೈ 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ.ನಲ್ಲಿ ದಾಟೋರಿಗೆ ತೊಂದರೆ ಇಲ್ಲ, ವೇಗ ಏರಿದಷ್ಟೂ ಕುಲುಕಾಟ ಏರುತ್ತೆ. ಕೆಲಸದ ದಿನ ಪರೀಕ್ಷೆಗೆ ಪ್ಲೈವುಡ್‌ನಲ್ಲಿ ಅಚ್ಚು ಕತ್ತರಿಸಿ ಇಟ್ಕೊಳ್ಳಿ: ನಡುವೆ 10 ಸೆಂ.ಮೀ., ನಡುವಿನಿಂದ 1 ಮೀಟರ್ ಆಚೆ 7, ಒಂದೂವರೆ ಮೀಟರ್ ಆಚೆ ಸುಮಾರು ಮೂರೂವರೆ, ಅಂಚಿನಲ್ಲಿ ಸೊನ್ನೆ. ಡಾಂಬರು ಬಿಸಿ ಇದ್ದಾಗಲೇ ಅಚ್ಚು ಕೂರಿಸಿ ನೋಡಬೇಕು. ಆರಿದ ಮೇಲೆ ಯಾರೂ ಕೈಹಾಕಲ್ಲ.

*5ನೇ ಕ್ರಾಸ್, ಮಹಡಿ ಮನೆ*
ಇಷ್ಟೆಲ್ಲ ಯಾಕೆ ಸರ್? "ನಿಧಾನವಾಗಿ ಚಲಿಸಿ, ಮಕ್ಕಳಿದ್ದಾರೆ" ಅಂತ ನಾಲ್ಕು ಬ್ಯಾನರ್ ಕಟ್ಟಿದ್ರೆ ಆಗಲ್ವಾ?

*4ನೇ ಕ್ರಾಸ್, ಮನಶ್ಶಾಸ್ತ್ರದ ಮೇಡಂ*
ಬ್ಯಾನರ್ ಓದಿದ ಪ್ರತಿಯೊಬ್ಬನೂ ಅದು ಹಿಂದಿನವನಿಗೆ ಅಂದ್ಕೋತಾನೆ. ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಚಾಲನಾ ಕೌಶಲದಲ್ಲಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಅಂದವರು ಅಮೆರಿಕದ ಗುಂಪಿನಲ್ಲಿ ಶೇ. 93, ಸ್ವೀಡನ್ ಗುಂಪಿನಲ್ಲಿ ಶೇ. 69. ಅರ್ಧದಲ್ಲಿ ಅಷ್ಟು ಜನ ಹಿಡಿಸಲ್ಲ!

ಇಲ್ಲಿ ಇನ್ನೊಂದು ವಿಷಯ. ರಿಂಗ್ ರೋಡಲ್ಲಿ 70-80ರಲ್ಲಿ ಬಂದವನ ಕಣ್ಣು ಆ ಓಟಕ್ಕೆ ಒಗ್ಗಿರುತ್ತೆ. ನಮ್ಮ ರಸ್ತೆಗೆ ತಿರುಗಿ 50ಕ್ಕೆ ಇಳಿದಾಗ ಅವನಿಗೆ ತೆವಳಿದ ಹಾಗೆ ಅನ್ಸುತ್ತೆ. ಅವನು ಸುಳ್ಳು ಹೇಳ್ತಿಲ್ಲ, ಸ್ಪೀಡೋಮೀಟರ್ ನೋಡ್ತಿಲ್ಲ ಅಷ್ಟೆ. ಜೊತೆಗೆ ಹೊಸ ಡಾಂಬರು, ನೇರ ರಸ್ತೆ, ಪಕ್ಕದಲ್ಲಿ ಹತ್ತಿರಕ್ಕೆ ಏನೂ ಇಲ್ಲ. ಓಡಿಸು ಅಂತ ರಸ್ತೆಯೇ ಕರೀತಿದೆ. ಆದ್ದರಿಂದ ಮೊದಲ ತಡೆ ಪಾರ್ಕ್ ಹತ್ರ ಅಲ್ಲ, ರಿಂಗ್ ರೋಡ್ ಕಡೆಯ ಬಾಯಲ್ಲೇ ಇರಬೇಕು. ಅಲ್ಲಿ ಮೂಲೆ ಎಷ್ಟು ಅಗಲವಾಗಿ ಬಾಗಿದೆ ಅಂದ್ರೆ ಬ್ರೇಕ್ ಮುಟ್ಟದೆ ತಿರುಗಬಹುದು. ಮೂಲೆ ಬಿಗಿ ಮಾಡಿ, ಒಳಗೆ ಎರಡೂ ಅಂಚಿಗೆ ಬಿಳಿ ಗೆರೆ ಎಳೆದು ಓಡೋ ಜಾಗ ಒಂದೊಂದು ದಿಕ್ಕಿಗೂ 3 ಮೀಟರ್ ಕಾಣೋ ಹಾಗೆ ಮಾಡಿ. ಇಕ್ಕಟ್ಟು ಕಂಡರೆ ಕಾಲು ತಾನಾಗಿ ಮೇಲೇಳುತ್ತೆ.

20 ಕಿ.ಮೀ. ವ್ಯತ್ಯಾಸ ಏನು ಮಹಾ ಅನ್ನೋರಿಗೆ ಲೆಕ್ಕ: ಗಮನಿಸಿ ಬ್ರೇಕ್ ಒತ್ತೋಕೆ ಒಂದು ಸೆಕೆಂಡ್, ಒಣ ರಸ್ತೆ, ಒಳ್ಳೆ ಬ್ರೇಕ್ ಅಂತಿಟ್ಕೊಳ್ಳಿ. 30ರಲ್ಲಿದ್ದವನು ಹದಿಮೂರೂವರೆ ಮೀಟರಿನೊಳಗೆ ಪೂರ್ತಿ ನಿಂತಿರ್ತಾನೆ. 50ರಲ್ಲಿದ್ದವನು ಅಷ್ಟು ದೂರ ಬಂದಾಗ ಬ್ರೇಕನ್ನೇ ಒತ್ತಿರಲ್ಲ. ಉಳಿಯೋ ಸಮಯ? ನಮ್ಮ 600 ಮೀಟರ್ ರಸ್ತೆಗೆ 29 ಸೆಕೆಂಡ್.

*ಶಾಲೆ ಆಟೋ, 1ನೇ ಕ್ರಾಸ್*
ಮೇಡಂ ಹೇಳಿದ್ದು ಸರಿ. ಆದ್ರೆ ಹಂಪ್ ಹಾಕಿದ್ರೆ ಚರಂಡಿ ಪಕ್ಕ ನೀರಿಗೆ ಅಂತ ಒಂದಡಿ ಬಿಡ್ತಾರಲ್ಲ, ಬೈಕೆಲ್ಲ ಅಲ್ಲೇ ನುಸುಳೋದು. ಮಕ್ಕಳು ನಡೆಯೋದೂ ಅಲ್ಲೇ.

*2ನೇ ಕ್ರಾಸ್, ನಿವೃತ್ತ ಇಂಜಿನಿಯರ್*
ಸರಿಯಾದ ಮಾತು. ನೀರು ಬೇರೆಯಾಗೋ ಎತ್ತರದ ಜಾಗದಲ್ಲಿ ಹಾಕಿದ್ರೆ ಸಂದೇ ಬೇಡ. ಬಿಡಲೇಬೇಕಾದ ಕಡೆ ಸಂದಿನ ಮುಂದೆ ಒಂದು ಗೂಟ ನೆಡಬೇಕು. ಮ್ಯಾನ್‌ಹೋಲ್ ಮೇಲೆ, ತಿರುವಿನಲ್ಲಿ, ಬೀದಿದೀಪ ಇಲ್ಲದ ಕಡೆ ಖಂಡಿತ ಬೇಡ. 40 ಮೀಟರ್ ಮುಂಚೆ ಫಲಕ, ಹಂಪ್ ಮೇಲೆ ಕಪ್ಪು-ಬಿಳಿ ಪಟ್ಟೆ. ಒಂದೇ ಹಂಪ್ ಹಾಕಿದ್ರೆ ದಾಟಿದವನು ಸಿಟ್ಟಿಗೆ ಮತ್ತೆ ಆಕ್ಸಲರೇಟರ್ ತಿರುವ್ತಾನೆ. 100ರಿಂದ 120 ಮೀಟರಿಗೊಂದು ಇದ್ದರೆ ಏರಿಸೋಕೆ ಮನಸ್ಸೇ ಬರಲ್ಲ.

*6ನೇ ಕ್ರಾಸ್, ಹಿರಿಯರ ಮನೆ*
ಸಾಲಾಗಿ ಹಂಪ್ ಆದರೆ ಆಂಬುಲೆನ್ಸ್ ಗತಿ? ನನ್ನ ಸಹಿ ಇಲ್ಲ.

*4ನೇ ಕ್ರಾಸ್, ಮನಶ್ಶಾಸ್ತ್ರದ ಮೇಡಂ*
ಅಂಕಲ್, ನಿಮ್ಮ ಆಕ್ಷೇಪ ನ್ಯಾಯವಾದ್ದೇ. ಅದಕ್ಕೇ ಮೊದಲು ಮೂಲೆ ಮತ್ತು ಗೆರೆ, ಅದು ಸಾಲದಿದ್ರೆ ಹಂಪ್. ಸಾಲುತ್ತೋ ಇಲ್ವೋ ಅಂತ ಹೇಳೋಕೆ ಮುಂಚಿನ ಅಂಕಿ ಕೈಲಿರಬೇಕು.

ಅಳೆಯೋ ವಿಧಾನ: ರಸ್ತೆಯುದ್ದಕ್ಕೆ 50 ಮೀಟರ್ ಅಳೆದು ಎರಡು ಕಡೆ ಸೀಮೆಸುಣ್ಣದಲ್ಲಿ ಅಡ್ಡಗೆರೆ. ಮಹಡಿ ಮೇಲಿಂದ ಮೊಬೈಲ್ ವಿಡಿಯೊ, ಎರಡೂ ಗೆರೆ ಕಾಣಬೇಕು. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗಿನಿಂದ ಎರಡನೇದು ಮುಟ್ಟೋವರೆಗಿನ ಸೆಕೆಂಡ್ ತಗೊಳ್ಳಿ. 180ನ್ನ ಆ ಸೆಕೆಂಡಿನಿಂದ ಭಾಗಿಸಿದ್ರೆ ವೇಗ: 6 ಸೆಕೆಂಡ್ ಅಂದ್ರೆ 30, 3.6 ಅಂದ್ರೆ 50. ಬೀದೀಲಿ ಪುಸ್ತಕ ಹಿಡ್ಕೊಂಡು ನಿಲ್ಲಬೇಡಿ, ನೋಡಿದ ಕೂಡಲೇ ಎಲ್ಲರೂ ಸಾಧುಗಳಾಗ್ತಾರೆ. ಮುಂದೆ ಅಡ್ಡಿ ಇಲ್ಲದೆ ಒಂಟಿಯಾಗಿ ಬಂದವನ್ನ ಮಾತ್ರ ಎಣಿಸಿ. ಕಾರು 100, ಬೈಕು 100, ಪಟ್ಟಿ ಬೇರೆ ಬೇರೆ. ಕಡಿಮೆ ವೇಗದಿಂದ ಜೋಡಿಸಿ 85ನೇ ವಾಹನದ ವೇಗ ಪತ್ರದಲ್ಲಿ ಬರೀಬೇಕು. ಸರಾಸರಿ ಬೇಡ, ಅದು ಓಡಿಸೋರನ್ನ ಮುಚ್ಚಿಹಾಕುತ್ತೆ. ನಂಬರ್ ಪ್ಲೇಟ್ ಬರ್ಕೋಬೇಡಿ, ವಿಡಿಯೊ ಗುಂಪಿಗೆ ಹಾಕಬೇಡಿ. ಅದರಲ್ಲಿ ನಮ್ಮ ಮನೆ ಮಕ್ಕಳ ಸ್ಕೂಟರೂ ಇರುತ್ತೆ, ಜಗಳ ಶುರುವಾಗುತ್ತೆ.

*ಕಾರ್ಯದರ್ಶಿ*
ಸರಿ, ಪತ್ರ ತಡೆಹಿಡೀತೀನಿ. ಬುಧವಾರ ಬೆಳಗ್ಗೆ 7:30ರಿಂದ 9, ಮಧ್ಯಾಹ್ನ 2ರಿಂದ 3:30. ಅಂಕಿ, ರಸ್ತೆ ನಕ್ಷೆ, ಹಂಪ್ ಅಳತೆ ಸೇರಿಸಿ ಪಾಲಿಕೆ ವಲಯ ಕಚೇರಿಗೂ ಸಂಚಾರ ಠಾಣೆಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ನಂಬರ್ ತರೋಣ. 5ನೇ ಕ್ರಾಸ್‌ನವರೇ, ವಿಡಿಯೊಗೆ ನಿಮ್ಮ ಮಹಡಿ ಸಿಗುತ್ತಾ?

*5ನೇ ಕ್ರಾಸ್, ಮಹಡಿ ಮನೆ*
ಸಿಗುತ್ತೆ. ಬಟ್ಟೆ ಒಣಗೋ ತಂತಿ ಬಿಚ್ಚಿಡ್ತೀನಿ. 50 ಮೀಟರ್ ಟೇಪ್ ಯಾರ ಹತ್ರ ಇದೆ?

*ಶಾಲೆ ಆಟೋ, 1ನೇ ಕ್ರಾಸ್*
ನಮ್ಮ ಅಣ್ಣನ ಹತ್ರ 30 ಮೀಟರ್‌ದು ಇದೆ. ಎರಡು ಸಲ 25 ಹಿಡಿದ್ರೆ ಆಯ್ತಲ್ಲ.